ಕಂದು ಕೊಬ್ಬು ಎಷ್ಟು ಉರಿಯುತ್ತದೆ ಎಂಬುದನ್ನು ಅಳೆಯುವುದು ಹೇಗೆ?

ನಮ್ಮ ಮೈಯಲ್ಲಿರುವ ಕೊಬ್ಬಿನ ಬಹುಪಾಲು ಬಿಳಿ ಕೊಬ್ಬು. ಮಿಕ್ಕ ಆಹಾರವನ್ನು ಕೂಡಿಡುವುದು ಅದರ ಕೆಲಸ. ಕುತ್ತಿಗೆಯ ಬದಿಯಲ್ಲಿ, ಕೊರಳೆಲುಬಿನ ಮೇಲ್ಭಾಗದಲ್ಲಿ, ಬೆನ್ನುಮೂಳೆಯ ಇಕ್ಕೆಲಗಳಲ್ಲಿ ಅಲ್ಪ ಪ್ರಮಾಣದಲ್ಲಿರುವ ಕಂದು ಕೊಬ್ಬು ಮಾತ್ರ ಕೊಬ್ಬನ್ನೂ ಸಕ್ಕರೆಯನ್ನೂ ಉರಿಸಿ ಶಾಖ ಉತ್ಪಾದಿಸುತ್ತದೆ. ನಡುಗಿ ಮೈ ಬಿಸಿ ಮಾಡಿಕೊಳ್ಳಲಾರದ ಹಸುಗೂಸುಗಳಿಗೆ ಇದೇ ಆಸರೆ. ದೊಡ್ಡವರಲ್ಲಿ ಇದು ಹೆಸರಿಗಷ್ಟೇ ಉಳಿದಿರುತ್ತದೆ ಎಂಬ ನಂಬಿಕೆಯನ್ನು ಅಮೆರಿಕದ ಬಾಸ್ಟನ್, ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ಮತ್ತು ಫಿನ್ಲೆಂಡಿನ ಟುರ್ಕು ನಗರಗಳ ಮೂರು ಸಂಶೋಧನಾ ತಂಡಗಳು 2009ರ ಏಪ್ರಿಲ್‌ನಲ್ಲಿ ಏಕಕಾಲಕ್ಕೆ ಅಲ್ಲಗಳೆದವು. ಅಂದಿನಿಂದ ಬೊಜ್ಜು ಮತ್ತು ಮಧುಮೇಹಕ್ಕೆ ಇದರಿಂದ ಮದ್ದು ಸಿಗಬಹುದೆಂಬ ನಿರೀಕ್ಷೆ ಬೆಳೆದಿದೆ. ಆ ನಿರೀಕ್ಷೆ ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ, ಕಂದು ಕೊಬ್ಬಿನ ಕೆಲಸವನ್ನು ಅಳೆಯುವ ಕ್ರಮವನ್ನು ಮೊದಲು ತಿಳಿಯಬೇಕು.

ಮೊದಲ ಹಂತ: ಅಳೆಯಬೇಕಾದದ್ದೇನು?

ಚರ್ಮಕ್ಕೆ ಚಳಿ ತಾಗಿದಾಗ ಮಿದುಳಿನ ಹೈಪೊಥಲಾಮಸ್ ನರಗಳ ಮೂಲಕ ಕಂದು ಕೊಬ್ಬಿಗೆ ಆಜ್ಞೆ ಕಳಿಸುತ್ತದೆ. ನರದ ತುದಿಯಲ್ಲಿ ಒಸರುವ ನಾರ್‌ಅಡ್ರಿನಲಿನ್, ಜೀವಕೋಶದೊಳಗಿನ ಕೊಬ್ಬಿನ ಹನಿಗಳನ್ನು ಒಡೆಯಿಸುತ್ತದೆ. ಬಿಡುಗಡೆಯಾದ ಕೊಬ್ಬಿನಾಮ್ಲಗಳು ಇಂಧನವಾಗುವುದರ ಜೊತೆಗೆ ಯುಸಿಪಿ-1 ಎಂಬ ಪ್ರೋಟೀನನ್ನೂ ಚುರುಕುಗೊಳಿಸುತ್ತವೆ. ಈ ಕೊಬ್ಬಿಗೆ ಕಂದು ಬಣ್ಣ ಬಂದಿರುವುದೇ ಕಬ್ಬಿಣಾಂಶವುಳ್ಳ ಮೈಟೊಕಾಂಡ್ರಿಯಾಗಳ (ಜೀವಕೋಶದೊಳಗೆ ಇಂಧನ ಉರಿಸುವ ಪುಟ್ಟ ಘಟಕಗಳ) ದಟ್ಟಣೆಯಿಂದ. ಬೇರೆ ಜೀವಕೋಶಗಳ ಮೈಟೊಕಾಂಡ್ರಿಯಾಗಳಲ್ಲಿ ಪ್ರೋಟಾನುಗಳೆಂಬ ವಿದ್ಯುದಾವೇಶದ ಕಣಗಳು, ಅಣೆಕಟ್ಟೆಯ ನೀರು ಟರ್ಬೈನಿನ ಮೂಲಕ ಇಳಿಯುವಂತೆ, ಜೀವಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ತಯಾರಿಸುತ್ತಾ ಒಳಕ್ಕೆ ಬರುತ್ತವೆ. ಯುಸಿಪಿ-1 ಪಕ್ಕದ ತೂಬನ್ನು ತೆರೆದುಬಿಡುವುದರಿಂದ ಎಟಿಪಿ ತಯಾರಾಗದೆ ಶಕ್ತಿಯೆಲ್ಲ ಶಾಖವಾಗುತ್ತದೆ. ಅಳೆಯಬೇಕಾದದ್ದು ಈ ಶಾಖವನ್ನು. ಆದರೆ ನೇರವಾಗಿ ಅಳೆಯುವ ಸುಲಭದ ದಾರಿ ಇಲ್ಲ.

ಎರಡನೆಯ ಹಂತ: ಚಳಿಯನ್ನು ಹದಗೊಳಿಸುವುದು

ಇಡೀ ಪರೀಕ್ಷೆಯ ಜೀವಾಳ ಇದು. ಉಪವಾಸವಿದ್ದು ಬಂದ ವ್ಯಕ್ತಿಗೆ ತಣ್ಣೀರು ಹರಿಯುವ ಕೊಳವೆಗಳನ್ನು ಹೆಣೆದ ಅಂಗಿಯನ್ನು ತೊಡಿಸುತ್ತಾರೆ. ಆತ ನಡುಗಲು ಆರಂಭಿಸುವವರೆಗೆ ನೀರಿನ ಉಷ್ಣತೆಯನ್ನು ಮೆಲ್ಲಗೆ ತಗ್ಗಿಸುತ್ತಾರೆ; ನಡುಕ ಕಂಡೊಡನೆ ಅದು ನಿಲ್ಲುವಷ್ಟು ಮಾತ್ರ ಏರಿಸಿ ಅಲ್ಲೇ ಹಿಡಿದಿಡುತ್ತಾರೆ. ನಡುಗುವ ಸ್ನಾಯುಗಳೂ ಇಂಧನ ಉರಿಸುವುದರಿಂದ, ಆ ಲೆಕ್ಕ ಇದರೊಡನೆ ಬೆರೆಯಬಾರದು.

ಈ ಹಂತವನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2009ರ ಅಧ್ಯಯನಗಳೇ ಸಾಕ್ಷಿ. ಬೇರೆ ಕಾರಣಗಳಿಗಾಗಿ ಸ್ಕ್ಯಾನ್ ಮಾಡಿಸಿಕೊಂಡಿದ್ದ 1,972 ಮಂದಿಯ ದಾಖಲೆಗಳನ್ನು ಬಾಸ್ಟನ್ ತಂಡ ನೋಡಿದಾಗ ಶೇ 7.5ರಷ್ಟು ಮಹಿಳೆಯರಲ್ಲಿ, ಸುಮಾರು ಶೇ 3ರಷ್ಟು ಪುರುಷರಲ್ಲಿ ಮಾತ್ರ ಕಂದು ಕೊಬ್ಬು ಕಂಡಿತು. ಮಾಸ್ಟ್ರಿಕ್ಟ್ ತಂಡ 24 ಯುವಕರನ್ನು 16 ಡಿಗ್ರಿ ಸೆಲ್ಸಿಯಸ್‌ನಲ್ಲಿರಿಸಿ ನೋಡಿದಾಗ 23 ಮಂದಿಯಲ್ಲಿ ಕಂಡಿತು. ಕ್ಯಾನ್ಸರ್ ತಪಾಸಣೆಯಲ್ಲಿ ಇದೇ ಕೊಬ್ಬು ತೊಡಕಾಗುತ್ತದೆ. ದುಗ್ಧಗ್ರಂಥಿಗಳ ಗಂಟೆಂದು ಭ್ರಮೆ ಹುಟ್ಟಿಸದಿರಲೆಂದು ರೋಗಿಗೆ ಕಂಬಳಿ ಹೊದಿಸಿ ಬೆಚ್ಚಗಿರಿಸುವುದುಂಟು.

ಮೂರನೆಯ ಹಂತ: ಸ್ಕ್ಯಾನ್ ಮತ್ತು ಉಸಿರಿನ ಲೆಕ್ಕ

ವಿಕಿರಣ ಸೂಸುವ ಫ್ಲೋರಿನ್-18 ಬೆಸೆದ, ಗ್ಲೂಕೋಸನ್ನು ಹೋಲುವ ವಸ್ತುವನ್ನು ರಕ್ತನಾಳಕ್ಕೆ ಚುಚ್ಚಿ, ಸುಮಾರು ಒಂದು ಗಂಟೆಯ ನಂತರ ಪೆಟ್-ಸಿಟಿ ಸ್ಕ್ಯಾನ್ ಮಾಡುತ್ತಾರೆ. ಆ ವಸ್ತು ಸೇರಿದ ಜಾಗವನ್ನು ಪೆಟ್, ಅಲ್ಲಿರುವ ಅಂಗಾಂಶ ಯಾವುದೆಂಬುದನ್ನು ಸಿಟಿ ತೋರಿಸುತ್ತದೆ. ಪೆಟ್ ಚಿತ್ರದಲ್ಲಿ ಹೊಳೆಯುವ ಜಾಗ ಸಿಟಿ ಚಿತ್ರದಲ್ಲಿ ಕೊಬ್ಬಿನ ಸಾಂದ್ರತೆಯನ್ನೇ ತೋರಿಸಿದರೆ ಮಾತ್ರ ಅದನ್ನು ಕಂದು ಕೊಬ್ಬೆಂದು ಎಣಿಸುತ್ತಾರೆ. ಆದರೆ ಹೊಳಪು ಹೇಳುವುದು ಸಕ್ಕರೆ ಹೀರಿದ ಪ್ರಮಾಣವನ್ನು. ಕಂದು ಕೊಬ್ಬಿನ ಮುಖ್ಯ ಇಂಧನವಾದರೋ ಕೊಬ್ಬೇ. ಆದ್ದರಿಂದ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ ಮಧುಮೇಹಿಯ ಚಿತ್ರ ಮಂಕಾಗಿ ಕಂಡ ಮಾತ್ರಕ್ಕೆ ಶಾಖ ಹುಟ್ಟುತ್ತಿಲ್ಲ ಎನ್ನಲಾಗದು. ಈ ಕೊರತೆಯನ್ನು ಒಂದಿಷ್ಟು ತುಂಬಲು, ತಲೆಯ ಮೇಲೆ ಪಾರದರ್ಶಕ ಮುಚ್ಚಿಗೆಯಿಟ್ಟು ಉಸಿರಿನ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡನ್ನು ಅಳೆದು, ಇಡೀ ಮೈ ವ್ಯಯಿಸುವ ಕ್ಯಾಲೊರಿಯನ್ನು ಲೆಕ್ಕ ಹಾಕುತ್ತಾರೆ.

ನಾಲ್ಕನೆಯ ಹಂತ: ಚಿಕಿತ್ಸೆಯ ಮಾತನ್ನು ತೂಗಿ ನೋಡುವುದು

ಪದೇ ಪದೇ ಮೂತ್ರಕ್ಕೆ ಹೋಗುವ ತೊಂದರೆಗೆ ಕೊಡುವ, ಕಂದು ಕೊಬ್ಬನ್ನೂ ಪ್ರಚೋದಿಸಬಲ್ಲ ಮಿರಾಬೆಗ್ರಾನ್ ಮಾತ್ರೆಯನ್ನು 200 ಮಿಲಿಗ್ರಾಂ ಪ್ರಮಾಣದಲ್ಲಿ 12 ಆರೋಗ್ಯವಂತ ಯುವಕರಿಗೆ ಕೊಟ್ಟು ನೋಡಿದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ವಿಶ್ರಾಂತಿಯಲ್ಲಿ ಮೈ ವ್ಯಯಿಸುವ ಶಕ್ತಿ ದಿನಕ್ಕೆ 203 ಕಿಲೊಕ್ಯಾಲೊರಿಯ ಲೆಕ್ಕದಲ್ಲಿ ಏರಿತು. ಹೃದಯದ ಬಡಿತವೂ ಏರಿತು. ಸಾಮಾನ್ಯವಾಗಿ ಕೊಡುವುದು 25ರಿಂದ 50 ಮಿಲಿಗ್ರಾಂ ಮಾತ್ರ. 2020ರ ಇನ್ನೊಂದು ಪ್ರಯೋಗದಲ್ಲಿ 14 ಮಹಿಳೆಯರು 100 ಮಿಲಿಗ್ರಾಂನಂತೆ ನಾಲ್ಕು ವಾರ ಸೇವಿಸಿದರು. ತೂಕ ಇಳಿಯಲಿಲ್ಲ, ಆದರೆ ಇನ್ಸುಲಿನ್‌ಗೆ ಮೈ ಸ್ಪಂದಿಸುವ ಬಗೆ ಸುಧಾರಿಸಿತು. ನನ್ನ ದೃಷ್ಟಿಯಲ್ಲಿ ಕಂದು ಕೊಬ್ಬು ನಿಜಕ್ಕೂ ಆಸಕ್ತಿ ಹುಟ್ಟಿಸುವುದು ಇಲ್ಲಿಯೇ: ತಕ್ಕಡಿಯಲ್ಲಲ್ಲ, ರಕ್ತದ ಸಕ್ಕರೆಯಲ್ಲಿ.

ಅಲ್ಲಿಯೂ ಎಚ್ಚರ ಬೇಕು. ಟೈಪ್-2 ಮಧುಮೇಹವಿದ್ದ ಎಂಟು ಮಂದಿಯನ್ನು ಹತ್ತು ದಿನ 14–15 ಡಿಗ್ರಿಯ ಚಳಿಗೆ ಒಗ್ಗಿಸಿದಾಗ ಅವರ ಇನ್ಸುಲಿನ್ ಸ್ಪಂದನೆ ಸರಾಸರಿ ಶೇ 43ರಷ್ಟು ಹೆಚ್ಚಿತು. ಆದರೆ ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಂಡದ್ದು ಸ್ನಾಯುಗಳು. ಚಳಿಗೆ ಸಲ್ಲುವ ಕೀರ್ತಿಯನ್ನೆಲ್ಲ ಕಂದು ಕೊಬ್ಬಿಗೆ ಕೊಡುವಂತಿಲ್ಲ. ಇನ್ನು 1930ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ಬಳಸಿದ ಡೈನೈಟ್ರೊಫೀನಾಲ್ ಇದೇ ಬಗೆಯ ಪ್ರೋಟಾನ್ ಸೋರಿಕೆಯನ್ನು ಮೈಯ ಎಲ್ಲ ಜೀವಕೋಶಗಳಲ್ಲೂ ಉಂಟುಮಾಡಿ, ಮೈ ಕಾದು ಜನ ಸತ್ತರು. ಕಂದು ಕೊಬ್ಬಿನಲ್ಲಿ ಸೋರಿಕೆ ಒಂದೇ ಅಂಗಾಂಶಕ್ಕೆ ಸೀಮಿತ, ಅದಕ್ಕೆ ನರಗಳ ಲಗಾಮೂ ಇದೆ. ಸಂಶೋಧಕರು ಇದನ್ನು ಬೆನ್ನುಹತ್ತಿರುವುದು ಆ ಕಾರಣಕ್ಕೆ.

ತಣ್ಣೀರು ಸ್ನಾನದ ಸಲಹೆಗಳನ್ನು ಓದುವ ನಮ್ಮವರು ಗಮನಿಸಬೇಕಾದ ಒಂದು ಅಧ್ಯಯನವಿದೆ. ನೆದರ್ಲೆಂಡ್ಸ್‌ನಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದ ತೆಳ್ಳನೆಯ ಯುವಕರನ್ನು ಐರೋಪ್ಯ ಮೂಲದ ಯುವಕರೊಡನೆ ಹೋಲಿಸಿ 2014ರಲ್ಲಿ ಪ್ರಕಟವಾದ ಈ ಸಣ್ಣ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾದವರ ಕಂದು ಕೊಬ್ಬಿನ ಗಾತ್ರ ಸುಮಾರು ಮೂರನೇ ಒಂದರಷ್ಟು ಕಡಿಮೆ ಕಂಡಿತು. ಅವರು ಹೆಚ್ಚಿನ ಉಷ್ಣತೆಯಲ್ಲೇ ನಡುಗಲು ತೊಡಗಿದರು. ಹಾಗಾಗಿ ಯುರೋಪಿನ ಪ್ರಯೋಗಾಲಯದಲ್ಲಿ ಗೊತ್ತುಮಾಡಿದ 16 ಡಿಗ್ರಿಯನ್ನು ಹಾಗೆಯೇ ಎತ್ತಿ ತಂದು ನಮ್ಮ ಮೈಮೇಲೆ ಹೇರುವಂತಿಲ್ಲ. ಹೃದ್ರೋಗ ಅಥವಾ ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಚಳಿಗೆ ಮೈಯೊಡ್ಡಲೂ ಬಾರದು.