ಸಿಎ ಓದಿಗೆ ಲ್ಯಾಪ್‌ಟಾಪ್: ಪರದೆ ಮೊದಲು, ಪ್ರೊಸೆಸರ್ ಆಮೇಲೆ

ಚಾರ್ಟರ್ಡ್ ಅಕೌಂಟೆನ್ಸಿಯ ಫೌಂಡೇಶನ್, ಇಂಟರ್‌ಮೀಡಿಯೆಟ್ ಮತ್ತು ಫೈನಲ್ ಹಂತಗಳ ಮುಖ್ಯ ಪತ್ರಿಕೆಗಳನ್ನು ಇಂದಿಗೂ ಪರೀಕ್ಷಾ ಕೇಂದ್ರದಲ್ಲಿ ಕುಳಿತು ಪೆನ್ನಿನಲ್ಲೇ ಬರೆಯಬೇಕು. ಆದರೆ ಅದಕ್ಕೆ ನಡೆಯುವ ತಯಾರಿಯ ದೊಡ್ಡ ಪಾಲು ಈಗ ಲ್ಯಾಪ್‌ಟಾಪಿನ ಮುಂದೆ ಸಾಗುತ್ತದೆ. ರೆಕಾರ್ಡ್ ಮಾಡಿದ ಪಾಠಗಳು, ಸಿಎ ಪರೀಕ್ಷೆ ನಡೆಸುವ ಸಂಸ್ಥೆಯಾದ ಐಸಿಎಐನ ಬೋರ್ಡ್ ಆಫ್ ಸ್ಟಡೀಸ್ ಪ್ರಕಟಿಸುವ ಸ್ಟಡಿ ಮೆಟೀರಿಯಲ್, ಆರ್‌ಟಿಪಿ (ರಿವಿಷನ್ ಟೆಸ್ಟ್ ಪೇಪರ್), ಎಂಟಿಪಿ (ಮಾಕ್ ಟೆಸ್ಟ್ ಪೇಪರ್), ಹಿಂದಿನ ಪರೀಕ್ಷೆಗಳ ಸಜೆಸ್ಟೆಡ್ ಆನ್ಸರ್ ಎಲ್ಲವೂ ವಿಡಿಯೊ ಇಲ್ಲವೇ ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ದಿನಕ್ಕೆ ಹತ್ತು ಗಂಟೆ ಓದುವವರು ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಪರದೆಯನ್ನು ನೋಡುತ್ತಿರುತ್ತಾರೆ. ಈ ಕೆಲಸಕ್ಕೆ ಯಂತ್ರದ ವೇಗ ಹೆಚ್ಚು ಬೇಕಾಗಿಲ್ಲ. ದಣಿವು ತರದ ಪರದೆ, ಬಾಳಿಕೆಯ ಬ್ಯಾಟರಿ, ಹೊತ್ತೊಯ್ಯಬಹುದಾದ ತೂಕ ಬೇಕು. ಅಂಗಡಿಯಲ್ಲಿ ಮಾತು ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಆರಂಭವಾಗುತ್ತದೆ. ಸಿಎ ವಿದ್ಯಾರ್ಥಿ ಅದನ್ನು ಕೊನೆಗೆ ಕೇಳಿದರೂ ನಡೆಯುತ್ತದೆ.

ಲ್ಯಾಪ್‌ಟಾಪ್ ನೋಡಲು ಹೊರಡುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ನೀವು ಸೇರಿರುವ ಅಥವಾ ಸೇರಲಿರುವ ಕ್ಲಾಸಿನವರಿಗೆ ಫೋನ್ ಮಾಡಿ, ಅವರ ಪಾಠಗಳು ಯಾವ ಯಂತ್ರದಲ್ಲಿ ನಡೆಯುತ್ತವೆ ಎಂಬುದನ್ನು ಸ್ಪಷ್ಟವಾಗಿ ಕೇಳಿ ತಿಳಿದುಕೊಳ್ಳಿ. ಪೆನ್‌ಡ್ರೈವ್ ಅಥವಾ ಗೂಗಲ್ ಡ್ರೈವ್ ಮೂಲಕ ಕೊಡುವ ಪಾಠಗಳು ನಕಲಾಗದಂತೆ ಬೀಗ ಹಾಕಿದ ಪ್ಲೇಯರ್‌ನಲ್ಲಿ ಮಾತ್ರ ತೆರೆದುಕೊಳ್ಳುತ್ತವೆ, ಮತ್ತು ಇಂಥ ಹಲವು ಪ್ಲೇಯರ್‌ಗಳು ವಿಂಡೋಸ್ ಅಥವಾ ಆಂಡ್ರಾಯ್ಡ್‌ನಲ್ಲಿ ಬಿಟ್ಟರೆ ಬೇರೆಲ್ಲೂ ನಡೆಯುವುದಿಲ್ಲ. ಮ್ಯಾಕ್‌ಬುಕ್ ಏರ್‌ನ ಪರದೆ ಮತ್ತು ಬ್ಯಾಟರಿ ಓದಿಗೆ ಹೇಳಿ ಮಾಡಿಸಿದಂತಿವೆ. ಆದರೂ ನಿಮ್ಮ ಕ್ಲಾಸಿನ ಪಾಠವೇ ಅದರಲ್ಲಿ ತೆರೆಯದಿದ್ದರೆ ಆ ಗುಣಗಳಿಂದ ಪ್ರಯೋಜನವಿಲ್ಲ. ಸ್ನ್ಯಾಪ್‌ಡ್ರಾಗನ್ ಪ್ರೊಸೆಸರ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳ ವಿಷಯದಲ್ಲಿಯೂ ಇದೇ ಪ್ರಶ್ನೆ ಕೇಳಬೇಕು, ಏಕೆಂದರೆ ಅವು ಆರ್ಮ್ ವಿನ್ಯಾಸದವು. ಇಂಟೆಲ್ ಮತ್ತು ಎಎಂಡಿಗಾಗಿ ಬರೆದ ಬೀಗದ ತಂತ್ರಾಂಶ ಅಲ್ಲಿ ಕೈಕೊಡಬಹುದು. ಜೊತೆಗೆ ಇನ್ನೆರಡು ವಿಷಯ ಕೇಳಿಕೊಳ್ಳಿ: ಹೊರಗಿನ ಮಾನಿಟರ್ ಜೋಡಿಸಿದಾಗ ಪಾಠ ನಿಂತುಹೋಗುತ್ತದೆಯೇ, ಮತ್ತು ಯಂತ್ರ ಬದಲಾದರೆ ಮರುನೋಂದಣಿ ಮಾಡಿಕೊಡುತ್ತಾರೆಯೇ. ಕೆಲವು ಪ್ಲೇಯರ್‌ಗಳು ಎಚ್‌ಡಿಎಂಐ ತಂತಿ ಸಿಕ್ಕಿಸಿದೊಡನೆ ಚಿತ್ರವನ್ನು ತಡೆಹಿಡಿಯುತ್ತವೆ. ಚಿಕ್ಕ ಲ್ಯಾಪ್‌ಟಾಪ್ ಕೊಂಡು ಮನೆಯಲ್ಲಿ ದೊಡ್ಡ ಮಾನಿಟರ್ ಜೋಡಿಸಿಕೊಳ್ಳುವ ಯೋಚನೆ ಇರುವವರಿಗೆ ಈ ಉತ್ತರ ಮೊದಲೇ ತಿಳಿದಿರಬೇಕು.

ಇನ್ನು ಪರದೆ. ಹೆಚ್ಚು ಹೊತ್ತು ವಿಚಾರ ಮಾಡಬೇಕಾದದ್ದು ಇಲ್ಲಿ. ಮೂಲೆಯಿಂದ ಮೂಲೆಗೆ ಅಳೆಯುವ ಇಂಚಿನ ಲೆಕ್ಕವೊಂದನ್ನೇ ನಂಬಬಾರದು, ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತವನ್ನೂ ನೋಡಬೇಕು. 16:9 ಅನುಪಾತದ 15.6 ಇಂಚಿನ ಪರದೆಯ ಎತ್ತರ ಸುಮಾರು 19.4 ಸೆಂಟಿಮೀಟರ್, 16:10 ಅನುಪಾತದ 14 ಇಂಚಿನ ಪರದೆಯ ಎತ್ತರ ಸುಮಾರು 18.8 ಸೆಂಟಿಮೀಟರ್. ವ್ಯತ್ಯಾಸ ಆರೇ ಮಿಲಿಮೀಟರ್. ಪುಸ್ತಕದ ಪುಟ ಮೇಲಿಂದ ಕೆಳಗೆ ಸಾಗುವುದರಿಂದ ಪಿಡಿಎಫ್ ಓದುವವರಿಗೆ ಅಗಲಕ್ಕಿಂತ ಎತ್ತರ ಮುಖ್ಯ. ಹೀಗಾಗಿ 1920×1200 ಪಿಕ್ಸೆಲ್‌ಗಳ 14 ಇಂಚಿನ ಲ್ಯಾಪ್‌ಟಾಪ್ ಹಗುರವಾಗಿದ್ದೂ ಓದಿಗೆ ಬಹುಮಟ್ಟಿಗೆ 15.6 ಇಂಚಿನದರಷ್ಟೇ ಜಾಗ ಕೊಡುತ್ತದೆ. ಮನೆ ಅಥವಾ ಹಾಸ್ಟೆಲ್ ಬಿಟ್ಟು ಕದಲದವರಿಗೆ 16 ಇಂಚಿನ, 16:10ರ ಪರದೆ ಇನ್ನೂ ಒಳ್ಳೆಯದು. ಅದರ ಎತ್ತರ 21.5 ಸೆಂಟಿಮೀಟರ್ ಇದ್ದು, ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್‌ನಂಥ ಉದ್ದದ ಕೋಷ್ಟಕಗಳನ್ನು ಮೇಲೆ ಕೆಳಗೆ ಜಾರಿಸುವ ಕೆಲಸ ಕಡಿಮೆಯಾಗುತ್ತದೆ.

ಪರದೆಯ ಬಗೆ, ಓರೆಯಿಂದ ನೋಡಿದರೂ ಬಣ್ಣ ಹೆಚ್ಚು ಕೆಡದ ಐಪಿಎಸ್ ಆಗಿರಲಿ. ಅಗ್ಗದ ಮಾದರಿಗಳಲ್ಲಿ ಇಂದಿಗೂ ಟಿಎನ್ ಪರದೆ ಬರುತ್ತದೆ. ಸ್ವಲ್ಪ ಓರೆಯಿಂದ ಅಥವಾ ಮೇಲಿನಿಂದ ನೋಡಿದರೆ ಅದರ ಬಣ್ಣ ತಿರುಗಿ ಅಕ್ಷರ ಮಂಕಾಗುತ್ತದೆ. ಬೆಳಕನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. ಕೋಣೆಯ ಒಳಗೆ 250 ನಿಟ್ಸ್ ಹೇಗೋ ಸಾಲುತ್ತದೆ, ಕಿಟಕಿಯ ಪಕ್ಕ ಕುಳಿತು ಓದುವವರಿಗೆ 300ಕ್ಕಿಂತ ಕಡಿಮೆ ಬೇಡ. ಮೇಲ್ಮೈ ಕನ್ನಡಿಯಂತೆ ಹೊಳೆಯದೆ ಮ್ಯಾಟ್ ಆಗಿದ್ದರೆ ಹಿಂದಿನ ಟ್ಯೂಬ್‌ಲೈಟಿನ ಬಿಂಬ ಬೀಳುವುದಿಲ್ಲ. ಒಎಲ್‌ಇಡಿ ಪರದೆಗಳು ಅಂಗಡಿಯಲ್ಲಿ ಮನಸೆಳೆಯುತ್ತವೆ, ಆದರೆ ಅವುಗಳಲ್ಲಿ ಹಲವು ಬೆಳಕನ್ನು ತಗ್ಗಿಸುವುದು ಬಹುವೇಗದಲ್ಲಿ ಆರಿ ಹೊತ್ತಿಕೊಳ್ಳುವ ಮೂಲಕ. ರಾತ್ರಿ ಕಡಿಮೆ ಬೆಳಕಿನಲ್ಲಿ ಗಂಟೆಗಟ್ಟಲೆ ಓದುವಾಗ ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ. ಪರದೆಯ ಬೆಳಕನ್ನು ಕಾಲುಭಾಗಕ್ಕೆ ಇಳಿಸಿ ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ, ಗಾಢವಾದ ಪಟ್ಟಿಗಳು ಚಲಿಸುವಂತೆ ಕಂಡಾಗ ಈ ಮಿನುಗು ಇದೆಯೆಂದು ತಿಳಿಯಬಹುದು. ಓದಿಗೆಂದೇ ಕೊಳ್ಳುವವರಿಗೆ ನಾನು ಒಳ್ಳೆಯ ಐಪಿಎಸ್ ಪರದೆಯನ್ನೇ ಸೂಚಿಸುತ್ತೇನೆ.

ಎಷ್ಟು ಒಳ್ಳೆಯ ಪರದೆಯಾದರೂ ಲ್ಯಾಪ್‌ಟಾಪಿನ ರಚನೆಯಲ್ಲೇ ಒಂದು ತೊಡಕಿದೆ. ಕೀಲಿಮಣೆ ಕೈಗೆ ಸರಿಯಾದ ಎತ್ತರದಲ್ಲಿದ್ದರೆ ಪರದೆ ತೀರಾ ಕೆಳಗಿರುತ್ತದೆ, ಕುತ್ತಿಗೆ ಬಾಗಿಯೇ ಇರಬೇಕಾಗುತ್ತದೆ. ಆದ್ದರಿಂದ ಒಟ್ಟು ಹಣದಲ್ಲಿ ಒಂದು ಪುಟ್ಟ ಭಾಗವನ್ನು ಸ್ಟ್ಯಾಂಡ್‌ಗೂ ಹೊರಗಿನ ಕೀಬೋರ್ಡ್ ಮತ್ತು ಮೌಸ್‌ಗೂ ಮೊದಲೇ ತೆಗೆದಿರಿಸಬೇಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂದರೆ ಕುತ್ತಿಗೆಯ ನೋವು ಎಷ್ಟೋ ಕಡಿಮೆಯಾಗುತ್ತದೆ. ಅಂಕಿಗಳ ಕೀಲಿಗಳಿಗಾಗಿ 15.6 ಇಂಚಿನ ಲ್ಯಾಪ್‌ಟಾಪನ್ನೇ ಕೊಳ್ಳಬೇಕೆಂಬ ಒತ್ತಾಯವೂ ಇದರಿಂದ ತಪ್ಪುತ್ತದೆ, ಏಕೆಂದರೆ ನಂಬರ್ ಪ್ಯಾಡ್ ಇರುವ ಹೊರಗಿನ ಕೀಬೋರ್ಡ್ ಮನೆಯ ಮೇಜಿನ ಮೇಲೆ ಆ ಕೆಲಸ ಮಾಡುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂದು ಕಣ್ಣಿನ ವೈದ್ಯರು ಹೇಳುವ ಅಭ್ಯಾಸವನ್ನು ಎಂಥ ದುಬಾರಿ ಪರದೆ ಇದ್ದರೂ ಬಿಡಬಾರದು.

ಬ್ಯಾಟರಿಯ ವಿಷಯದಲ್ಲಿ ಡಬ್ಬಿಯ ಮೇಲೆ ಬರೆದ ಗಂಟೆಗಳನ್ನು ಬದಿಗಿಟ್ಟು, ಅದರಲ್ಲಿ ಎಷ್ಟು ವಿದ್ಯುತ್ ಹಿಡಿಸುತ್ತದೆಂದು ಹೇಳುವ ವಾಟ್-ಅವರ್ ಎಷ್ಟೆಂದು ನೋಡಿ. ವಿಡಿಯೊ ನೋಡುತ್ತಾ ನೋಟ್ಸ್ ತೆರೆದಿಟ್ಟುಕೊಂಡಾಗ ಲ್ಯಾಪ್‌ಟಾಪ್ ಸುಮಾರು 8 ವಾಟ್ ಬಳಸುತ್ತದೆ ಎಂದಿಟ್ಟುಕೊಂಡರೆ, 42 ವಾಟ್-ಅವರ್ ಬ್ಯಾಟರಿ ಐದು ಗಂಟೆಯ ಆಸುಪಾಸು, 60 ವಾಟ್-ಅವರ್ ಬ್ಯಾಟರಿ ಏಳೂವರೆ ಗಂಟೆ ನಡೆಯುತ್ತದೆ. ಎರಡು ಮೂರು ವರ್ಷಗಳಲ್ಲಿ ಈ ಸಾಮರ್ಥ್ಯ ಕುಗ್ಗುತ್ತದೆ, ಸಿಎ ಓದು ಅದಕ್ಕಿಂತ ದೀರ್ಘ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುವ ಊರಿನವರಿಗೂ ಪ್ಲಗ್ ಪಾಯಿಂಟ್ ಸಿಗದ ರೀಡಿಂಗ್ ರೂಮಿನಲ್ಲಿ ಓದುವವರಿಗೂ 50 ವಾಟ್-ಅವರ್‌ಗಿಂತ ಕಡಿಮೆಯದು ಸಾಲದು. ಸದಾ ಚಾರ್ಜರ್ ಸಿಕ್ಕಿಸಿಯೇ ಓದುವವರು, ಚಾರ್ಜನ್ನು 80 ಪ್ರತಿಶತಕ್ಕೆ ನಿಲ್ಲಿಸುವ ಸೌಲಭ್ಯ ತಯಾರಕರ ತಂತ್ರಾಂಶದಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಇದರಿಂದ ಬ್ಯಾಟರಿಯ ಆಯಸ್ಸು ಹೆಚ್ಚುತ್ತದೆ. ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವ ಮಾದರಿಯಾದರೆ, ಚಾರ್ಜರ್ ಮರೆತ ದಿನ ಗೆಳೆಯರದು ಒದಗಿಬರುತ್ತದೆ.

ಪ್ರೊಸೆಸರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇತ್ತೀಚಿನ ತಲೆಮಾರಿನ ಇಂಟೆಲ್ ಕೋರ್ ಐ5 ಅಥವಾ ಎಎಂಡಿ ರೈಜನ್ 5 ಧಾರಾಳವಾಗಿ ಸಾಕು. ಹೆಸರಿನ ಕೊನೆಯಲ್ಲಿ ‘ಯು’ ಇರುವವು ಕಡಿಮೆ ವಿದ್ಯುತ್ ಬಳಸುತ್ತವೆ, ಫ್ಯಾನಿನ ಸದ್ದೂ ಕಡಿಮೆ. ಆದರೆ ಹೆಸರಿನಲ್ಲಿರುವ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ರೈಜನ್ 7000 ಸರಣಿಯಲ್ಲಿ ಮೂರನೆಯ ಅಂಕಿ ಒಳಗಿನ ವಿನ್ಯಾಸ ಯಾವ ಕಾಲದ್ದೆಂದು ಹೇಳುತ್ತದೆ: 7520ಯುನಲ್ಲಿರುವುದು ಹಳೆಯ ಝೆನ್ 2, 7530ಯುನಲ್ಲಿ ಝೆನ್ 3, 7540ಯುನಲ್ಲಿ ಝೆನ್ 4. ಮೂರಕ್ಕೂ ರೈಜನ್ 5 ಎಂದೇ ಹೆಸರು. ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪ್ ಈ ಓದಿಗೆ ಬೇಡವೇ ಬೇಡ, ಅದರ ತೂಕ ಮತ್ತು ಬಿಸಿ ಎರಡೂ ತೊಂದರೆ. ಹಣ ಉಳಿದರೆ ರ‍್ಯಾಮ್‌ಗೆ ಹಾಕಿ. 8 ಜಿಬಿಯಲ್ಲಿ ಪಾಠದ ಪ್ಲೇಯರ್, ಹತ್ತಾರು ಟ್ಯಾಬ್‌ಗಳ ಬ್ರೌಸರ್, ದಪ್ಪ ಪಿಡಿಎಫ್ ಮತ್ತು ಎಕ್ಸೆಲ್ ಒಟ್ಟಿಗೆ ತೆರೆದರೆ ಯಂತ್ರ ತಡವರಿಸುತ್ತದೆ, 16 ಜಿಬಿ ನೆಮ್ಮದಿಯ ಮಟ್ಟ. ರ‍್ಯಾಮ್ ಬೋರ್ಡಿಗೇ ಬೆಸೆದಿರುವ ಮಾದರಿಯಲ್ಲಿ ನಂತರ ಹೆಚ್ಚಿಸಲಾಗದು. ಎಸ್‌ಎಸ್‌ಡಿ 512 ಜಿಬಿ ಇರಲಿ, ಏಕೆಂದರೆ ಪರೀಕ್ಷೆಯ ಪತ್ರಿಕೆಗಳನ್ನು ವಿಂಗಡಿಸಿರುವ ಎರಡೂ ಗ್ರೂಪಿನ ಪಾಠಗಳನ್ನು ಡೌನ್‌ಲೋಡ್ ಮಾಡಿಕೊಂಡರೆ 256 ಜಿಬಿ ಬೇಗ ತುಂಬುತ್ತದೆ.

ಈ ಲ್ಯಾಪ್‌ಟಾಪ್ ಓದಿನ ಜೊತೆಗೆ ಎರಡು ವರ್ಷಗಳ ಆರ್ಟಿಕಲ್‌ಶಿಪ್‌ಗೂ, ಅಂದರೆ ಸಿಎ ಒಬ್ಬರ ಬಳಿ ಪಡೆಯುವ ಕೆಲಸದ ತರಬೇತಿಗೂ, ಒದಗಬೇಕೆಂಬುದನ್ನು ಮರೆಯಬಾರದು. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿ ಪ್ರೈಮ್ ವಿಂಡೋಸ್‌ಗಾಗಿಯೇ ಬರೆದದ್ದು. ರಿಟರ್ನ್ ಸಲ್ಲಿಸಲು ಬಳಸುವ ಡಿಜಿಟಲ್ ಸಿಗ್ನೇಚರ್ ಟೋಕನ್‌ಗಳು ಸಾಮಾನ್ಯವಾಗಿ ಹಳೆಯ ಅಗಲದ ಯುಎಸ್‌ಬಿ-ಎ ರಂಧ್ರಕ್ಕೆ ಹೊಂದುವಂಥವು. ಕನಿಷ್ಠ ಒಂದಾದರೂ ಅಂಥ ರಂಧ್ರ ಇರಲಿ. ಆಡಿಟ್‌ಗೆಂದು ಕಕ್ಷಿದಾರರ ಕಚೇರಿಗಳಿಗೆ ಬಸ್ಸಿನಲ್ಲೋ ಮೆಟ್ರೋದಲ್ಲೋ ಓಡಾಡುವಾಗ ಒಂದೂವರೆ ಕಿಲೋಗೂ ಎರಡು ಕಿಲೋಗೂ ಇರುವ ಅಂತರ ಭುಜಕ್ಕೆ ತಿಳಿಯುತ್ತದೆ. ಎಕ್ಸೆಲ್ ಬೇಕೇ ಬೇಕು, ಆದ್ದರಿಂದ ಜೊತೆಗೆ ಬರುವ ಆಫೀಸ್ ಒಂದು ವರ್ಷದ ಚಂದಾವೋ ಶಾಶ್ವತ ಪರವಾನಗಿಯೋ ಎಂದು ಬಿಲ್ ಆಗುವ ಮೊದಲೇ ಕೇಳಿ. ನಿಮ್ಮ ಊರಿನಲ್ಲಿ ಸರ್ವಿಸ್ ಸೆಂಟರ್ ಇಲ್ಲದಿದ್ದರೆ, ಮನೆಗೇ ಬಂದು ರಿಪೇರಿ ಮಾಡುವ ಆನ್‌ಸೈಟ್ ವಾರಂಟಿಗೆ ಕೊಟ್ಟ ಹಣ ವ್ಯರ್ಥವಲ್ಲ. ಪರೀಕ್ಷೆಗೆ ತಿಂಗಳಿರುವಾಗ ಯಂತ್ರವನ್ನು ಪಕ್ಕದ ಜಿಲ್ಲೆಗೆ ಕಳುಹಿಸಿ ಕಾಯುವುದು ಯಾರಿಗೂ ಬೇಡ.

ಕೈಯಲ್ಲಿ ಹಣ ಕಡಿಮೆ ಇದ್ದರೆ, ಕಳಪೆ ಪರದೆಯ ಹೊಸ ಲ್ಯಾಪ್‌ಟಾಪ್‌ಗಿಂತ ಕಂಪನಿಗಳಲ್ಲಿ ಬಳಕೆಯಾಗಿ ಬಂದ ಲೆನೊವೊದ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್ ಅಥವಾ ಎಚ್‌ಪಿಯ ಎಲೈಟ್‌ಬುಕ್ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಇಂಥವು ಸಿಗುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ವಿಂಡೋಸ್ 11 ಅಧಿಕೃತವಾಗಿ ನಡೆಯುವ, ಅಂದರೆ ಇಂಟೆಲ್‌ನಲ್ಲಿ ಎಂಟನೆಯ ತಲೆಮಾರು ಅಥವಾ ಅನಂತರದ ಪ್ರೊಸೆಸರ್ ಇರುವ ಯಂತ್ರವನ್ನು ಮಾತ್ರ ನೋಡಿ. ವಿಂಡೋಸ್ ತಾನೇ ಸಿದ್ಧಪಡಿಸಿಕೊಡುವ ಬ್ಯಾಟರಿ ವರದಿಯನ್ನು ಮಾರುವವರ ಎದುರಿನಲ್ಲೇ ತೆರೆಸಿ, ಮೂಲ ಸಾಮರ್ಥ್ಯವನ್ನೂ ಈಗಿನ ಪೂರ್ಣ ಚಾರ್ಜ್ ಸಾಮರ್ಥ್ಯವನ್ನೂ ಹೋಲಿಸಿ. ಈಗಿನದು ಮೂಲದ ಮುಕ್ಕಾಲಿಗಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಸೇರಿಸಬೇಕು.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಸ್ಟಡಿ ಮೆಟೀರಿಯಲ್‌ನ ಒಂದು ಅಧ್ಯಾಯ ಹಾಕಿಕೊಂಡು ಹೋಗಿ. ಕನ್ಸಾಲಿಡೇಟೆಡ್ ಫೈನಾನ್ಶಿಯಲ್ ಸ್ಟೇಟ್‌ಮೆಂಟ್ಸ್‌ನಂತೆ ಸಣ್ಣ ಅಕ್ಷರದ ಕೋಷ್ಟಕಗಳಿರುವ ಅಧ್ಯಾಯವಾದರೆ ಒಳ್ಳೆಯದು. ಅದನ್ನು ತೆರೆದು, ನೀವು ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಕುಳಿತು ಹತ್ತು ನಿಮಿಷ ನಿಜವಾಗಿ ಓದಿ. ಅಂಗಡಿಯವರ ಬಣ್ಣಬಣ್ಣದ ವಿಡಿಯೊಗಿಂತ ಈ ಹತ್ತು ನಿಮಿಷ ಹೆಚ್ಚು ತಿಳಿಸುತ್ತದೆ. ಕೊಂಡು ತಂದ ಮೇಲೆ ಮೊದಲು ಪೂರ್ತಿ ಬಿಳಿ ಮತ್ತು ಪೂರ್ತಿ ಕಪ್ಪು ಚಿತ್ರ ತೆರೆದು ಸತ್ತ ಪಿಕ್ಸೆಲ್‌ಗಳನ್ನು ಹುಡುಕಿ, ವಿಂಡೋಸ್ ಅಪ್‌ಡೇಟ್ ಮುಗಿಸಿ, ರ‍್ಯಾಮ್ ಅಥವಾ ಎಸ್‌ಎಸ್‌ಡಿ ಹೆಚ್ಚಿಸುವುದಿದ್ದರೆ ಅದನ್ನೂ ಮುಗಿಸಿ. ಕ್ಲಾಸಿನ ಪ್ಲೇಯರ್ ಅನ್ನು ಎಲ್ಲಕ್ಕಿಂತ ಕೊನೆಗೆ ಸಕ್ರಿಯಗೊಳಿಸಿ, ಏಕೆಂದರೆ ಹಲವು ಪ್ಲೇಯರ್‌ಗಳು ಒಮ್ಮೆ ನೋಂದಾಯಿಸಿದ ಯಂತ್ರಕ್ಕೇ ಅಂಟಿಕೊಳ್ಳುತ್ತವೆ, ಮತ್ತು ಆಮೇಲೆ ಡಿಸ್ಕ್ ಬದಲಿಸಿದರೆ ಅಥವಾ ಫಾರ್ಮ್ಯಾಟ್ ಮಾಡಿದರೆ ಅದನ್ನು ಹೊಸ ಯಂತ್ರವೆಂದೇ ಎಣಿಸುತ್ತವೆ.