ಪ್ರಾಜೆಕ್ಟಿನ ಸ್ಟೂಲಿನಿಂದ ಖಾಯಂ ಕುರ್ಚಿಯವರೆಗೆ: ಸಂಶೋಧನಾಲಯದಲ್ಲಿ ನನ್ನ ಅನುಭವ

2006ರ ಜುಲೈನಲ್ಲಿ, ಮಾನಸಗಂಗೋತ್ರಿಯಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ತಾತ್ಕಾಲಿಕ ಪ್ರಮಾಣಪತ್ರ ಕೈಗೆ ಬಂದ ವಾರದಲ್ಲೇ, ಮೈಸೂರಿನ ಒಂದು ಕೇಂದ್ರೀಯ ಪ್ರಯೋಗಾಲಯದ ವಾಕ್-ಇನ್ ಸಂದರ್ಶನಕ್ಕೆ ಹೋಗಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿಕೊಂಡೆ. ಈಗಲೂ ಸೇವೆಯಲ್ಲಿರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಮಂಡ್ಯದ ಪಕ್ಕದ ನಮ್ಮ ಊರಿನಲ್ಲಿ ಮಾತ್ರ ಅದು ‘ಸೆಂಟ್ರಲ್ ಗೌರ್ನಮೆಂಟ್ ಕೆಲಸ’ವೆಂದೇ ಸುದ್ದಿಯಾಯಿತು. ನಾನೂ ತಿದ್ದಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಒಳಗೊಳಗೆ ನಾನೂ ಹಾಗೆಯೇ ನಂಬಿದ್ದೆ.

ಮೈಸೂರಿನ ಪದವೀಧರರಿಗೆ ಈ ನಂಬಿಕೆ ಬರುವುದು ಸಹಜ. 1950ರಿಂದ ಚೆಲುವಾಂಬ ಮ್ಯಾನ್ಷನ್ನಿನಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿ.ಎಫ್.ಟಿ.ಆರ್.ಐ.), 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ರೇಷ್ಮೆಯ ಕೇಂದ್ರೀಯ ಸಂಸ್ಥೆ, ಇವೆಲ್ಲ ನಾವು ಓದುವ ಕಾಲದಲ್ಲಿ ದಿನವೂ ಕಣ್ಣಿಗೆ ಬೀಳುವ ಕಾಂಪೌಂಡುಗಳು. ಗೇಟಿನೊಳಗೆ ಕಾಲಿಟ್ಟರೆ ಸಾಕು, ಉಳಿದದ್ದು ತಾನಾಗಿಯೇ ಆಗುತ್ತದೆ ಎಂದು ನಾವು ತಿಳಿದಿದ್ದೆವು. ಆದರೆ ಗೇಟು ಒಂದೇ ಆದರೂ ಒಳಗಿನ ದಾರಿಗಳು ಬೇರೆ ಬೇರೆ ಎಂಬುದು ನನಗೆ ಗೊತ್ತಾದದ್ದು ಸೇರಿದ ಮೂರನೆಯ ತಿಂಗಳಿನಲ್ಲಿ. ನಮ್ಮ ಲ್ಯಾಬಿನಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯ ತಾಂತ್ರಿಕ ಅಧಿಕಾರಿಯೊಬ್ಬರು ಒಂದು ದಿನ ನನ್ನನ್ನು ಕೂರಿಸಿಕೊಂಡು, “ಕಾಲಂ ಹಾಕೋದು, ಗ್ರಾಫ್ ಓದೋದು ಆಮೇಲೆ ಕಲೀಬಹುದಪ್ಪ. ನೀನು ಯಾವ ಗ್ರೂಪಿಗೆ ಸೇರಬೇಕು ಅಂತಿದ್ದೀಯ, ಅದನ್ನ ಮೊದಲು ಹೇಳು” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ.

ಅವರು ಬಿಡಿಸಿ ಹೇಳಿದ್ದನ್ನು ಇಂದಿನ ವೇತನ ಶ್ರೇಣಿಗಳೊಂದಿಗೆ ಇಲ್ಲಿ ಬರೆಯುತ್ತೇನೆ. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತಿನ, ಅಂದರೆ ಸಿ.ಎಸ್.ಐ.ಆರ್.ನ, ಪ್ರಯೋಗಾಲಯಗಳಲ್ಲಿ ವಿಜ್ಞಾನಿಗಳು ನಾಲ್ಕನೆಯ ಗ್ರೂಪಿಗೆ ಸೇರುತ್ತಾರೆ, ಪಿಎಚ್.ಡಿ. ಅಥವಾ ಎಂ.ಟೆಕ್. ಮಾಡಿದವರು ಲೆವೆಲ್ 11ರಲ್ಲಿ, ಅಂದರೆ 67,700 ರೂಪಾಯಿ ಮೂಲ ವೇತನದಲ್ಲಿ, ‘ಸೈಂಟಿಸ್ಟ್’ ಎಂದು ಆರಂಭಿಸಿ, ಸೀನಿಯರ್, ಪ್ರಿನ್ಸಿಪಲ್, ಸೀನಿಯರ್ ಪ್ರಿನ್ಸಿಪಲ್ ಹಂತಗಳನ್ನು ದಾಟಿ ಚೀಫ್ ಸೈಂಟಿಸ್ಟ್‌ವರೆಗೆ ಏರಬಹುದು. ಬಿ.ಎಸ್ಸಿ. ಅಥವಾ ಡಿಪ್ಲೊಮಾ ಮಾಡಿದವರು ಸೇರುವುದು ಮೂರನೆಯ ಗ್ರೂಪಿಗೆ. ಅಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್ ಲೆವೆಲ್ 6ರಲ್ಲಿ 35,400ಕ್ಕೆ ಆರಂಭಿಸುತ್ತಾನೆ. ಮುಂದೆ ಟೆಕ್ನಿಕಲ್ ಆಫೀಸರ್ ಆದರೆ 44,900, ಸೀನಿಯರ್ ಟೆಕ್ನಿಕಲ್ ಆಫೀಸರ್‌ನ ಮೂರು ಮೆಟ್ಟಿಲುಗಳಲ್ಲಿ ಕ್ರಮವಾಗಿ 56,100, 67,700 ಮತ್ತು 78,800, ಕೊನೆಗೆ ಪ್ರಿನ್ಸಿಪಲ್ ಟೆಕ್ನಿಕಲ್ ಆಫೀಸರ್ ಆದರೆ ಲೆವೆಲ್ 13ರ 1,23,100. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ವಿಜ್ಞಾನಿಯೊಬ್ಬರು ಮೊದಲ ದಿನ ಕಾಲಿಡುವ ಮೆಟ್ಟಿಲಿಗೆ ಟೆಕ್ನಿಕಲ್ ಅಸಿಸ್ಟೆಂಟ್ ಮೂರು ಬಡ್ತಿಗಳನ್ನು ಪಡೆದ ಮೇಲೆ ತಲುಪುತ್ತಾನೆ ಎಂಬುದು ಸ್ಪಷ್ಟವಾಗುತ್ತದೆ. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿ.ಆರ್.ಡಿ.ಒ.ದಲ್ಲಿ ಹುದ್ದೆಗಳ ಹೆಸರು ಬೇರೆ, ಪರೀಕ್ಷೆ ನಡೆಸುವ ಮಂಡಳಿಗಳೂ ಬೇರೆ, ಆದರೆ ವಿಜ್ಞಾನಿಗಳಿಗೊಂದು ಮತ್ತು ತಾಂತ್ರಿಕ ಸಿಬ್ಬಂದಿಗೊಂದು ಎಂಬ ವಿಭಜನೆ ಹೀಗೆಯೇ ಇದೆ.

ಪ್ರಾಜೆಕ್ಟ್ ಅಸಿಸ್ಟೆಂಟ್ ಈ ಎರಡರಲ್ಲಿ ಎಲ್ಲಿಯೂ ಇಲ್ಲ. ಅವನ ಸಂಬಳ ಯೋಜನೆಯ ಹಣದಿಂದ ಬರುತ್ತದೆ, ಯೋಜನೆ ಮುಗಿದ ದಿನ ಅವನ ಕೆಲಸವೂ ಮುಗಿಯುತ್ತದೆ, ಅವನಿಗೆ ಬಡ್ತಿ ಎಂಬುದಿಲ್ಲ. ನಮ್ಮ ಕಡೆಯವರಿಗೆ ಅರ್ಥವಾಗುವಂತೆ ಹೇಳುವುದಾದರೆ, ವಿಶ್ವೇಶ್ವರಯ್ಯ ನಾಲೆ ಊರಿನ ಪಕ್ಕದಲ್ಲೇ ಹರಿದರೂ ನಮ್ಮ ಗದ್ದೆ ಯಾವ ತೂಬಿಗೆ ಸೇರಿದೆ ಎಂಬುದರ ಮೇಲೆ ನೀರು ಬರುವುದು ನಿಂತಿರುತ್ತದೆ; ನಾನು ಆಗ ಯಾವ ತೂಬಿಗೂ ಸೇರಿರಲಿಲ್ಲ.

ಹಾಗೆಂದು ಆ ಐದು ವರ್ಷಗಳು ವ್ಯರ್ಥವಾದವೆಂದು ನಾನು ಹೇಳುವುದಿಲ್ಲ. ಮೊದಲ ಯೋಜನೆಯಲ್ಲಿ ನನಗೆ ವಹಿಸಿದ್ದು ಬೆಲ್ಲದ ಮಾದರಿಗಳಲ್ಲಿ ಗಂಧಕದ ಡೈಆಕ್ಸೈಡಿನ ಪ್ರಮಾಣವನ್ನು ಅಳೆಯುವ ಕೆಲಸ. ಆಲೆಮನೆಯಲ್ಲಿ ಬೆಲ್ಲ ಬೆಳ್ಳಗಾಗಲೆಂದು ‘ಹೈಡ್ರೋಸ್’ ಸುರಿಯುವುದನ್ನು ಚಿಕ್ಕಂದಿನಿಂದ ನೋಡಿದವನಿಗೆ, ಅದೇ ವಸ್ತುವಿನ ಉಳಿಕೆಯನ್ನು ಟೈಟ್ರೇಷನ್ನಿನಲ್ಲಿ ಹನಿ ಹನಿಯಾಗಿ ಲೆಕ್ಕ ಹಾಕುವುದು ವಿಚಿತ್ರವಾದ ಸಂತೋಷ ಕೊಟ್ಟಿತು. ಎಂ.ಎಸ್ಸಿ.ಯಲ್ಲಿ ಚಿತ್ರ ಬರೆದು ಅಂಕ ಪಡೆದಿದ್ದ, ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್.ಪಿ.ಎಲ್.ಸಿ. ಉಪಕರಣದ ಪಂಪಿನಲ್ಲಿ ಗಾಳಿಗುಳ್ಳೆ ಸೇರಿದರೆ ಏನು ಮಾಡಬೇಕು, ಸ್ಟ್ಯಾಂಡರ್ಡ್ ದ್ರಾವಣದ ಬಾಟಲಿಯ ಮೇಲೆ ಏನೇನು ಬರೆಯಬೇಕು, ಫಲಿತಾಂಶ ಅನುಮಾನಾಸ್ಪದವಾಗಿದ್ದರೆ ಯಾರಿಗೆ ಮೊದಲು ಹೇಳಬೇಕು ಎಂಬುದನ್ನೆಲ್ಲ ಕಲಿತದ್ದು ಅಲ್ಲಿಯೇ. ಮಂಡ್ಯದಿಂದ ತಿಂಗಳ ಪಾಸಿನಲ್ಲಿ ರೈಲು ಹತ್ತಿ ಬರುತ್ತಿದ್ದೆ. ಆಗ ಒಂಟಿ ಹಳಿಯಾದ್ದರಿಂದ ಕ್ರಾಸಿಂಗಿಗಾಗಿ ನಿಂತ ಹೊತ್ತಿನಲ್ಲಿ ಓದಿದ್ದು ಬಹುಶಃ ಮನೆಯಲ್ಲಿ ಓದಿದ್ದಕ್ಕಿಂತ ಹೆಚ್ಚು.

ಓದುತ್ತಿದ್ದದ್ದು ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಗೆ. ವರ್ಷಕ್ಕೆ ಎರಡು ಬಾರಿ ನಡೆಯುವ ಈ ಪರೀಕ್ಷೆಯಲ್ಲಿ ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆ.ಆರ್.ಎಫ್.) ದೊರೆತರೆ ಎರಡು ವರ್ಷ ಆ ಹೆಸರಿನಲ್ಲಿ, ಅನಂತರ ಸೀನಿಯರ್ ರಿಸರ್ಚ್ ಫೆಲೋ (ಎಸ್.ಆರ್.ಎಫ್.) ಆಗಿ, ಒಟ್ಟು ಐದು ವರ್ಷದವರೆಗೆ ಫೆಲೋಶಿಪ್ ಸಿಗುತ್ತದೆ. 2023ರ ಜನವರಿಯಿಂದ ಅದರ ಮೊತ್ತ ಕ್ರಮವಾಗಿ ತಿಂಗಳಿಗೆ 37,000 ಮತ್ತು 42,000 ರೂಪಾಯಿ. ಪಿಎಚ್.ಡಿ.ಗೆ, ಆ ಮೂಲಕ ವಿಜ್ಞಾನಿಯ ಹುದ್ದೆಗೆ, ಅದೇ ರಾಜಮಾರ್ಗ. ನಾನು ನಾಲ್ಕು ಸಲ ಬರೆದೆ. ಮೂರನೆಯ ಸಲ ಉಪನ್ಯಾಸಕರ ಅರ್ಹತೆ ಬಂತು, ಫೆಲೋಶಿಪ್ ಬರಲಿಲ್ಲ. ಇನ್ನೊಂದು ಸಲ, ಇನ್ನೊಂದು ಸಲ ಎನ್ನುತ್ತಲೇ ನನಗೆ 27 ತುಂಬಿತು.

ನನ್ನ ದೊಡ್ಡ ತಪ್ಪು ಅಲ್ಲಿತ್ತು. ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ ಗರಿಷ್ಠ ವಯಸ್ಸು 28. ಮೀಸಲು ಹುದ್ದೆಗಳಲ್ಲಿ ಹಿಂದುಳಿದ ವರ್ಗದವರಿಗೆ 3 ವರ್ಷ, ಪರಿಶಿಷ್ಟರಿಗೆ 5 ವರ್ಷ ಸಡಿಲಿಕೆ ಉಂಟು, ಆದರೆ ನನಗೆ ಅದು ಅನ್ವಯಿಸುತ್ತಿರಲಿಲ್ಲ. ಆ ಹುದ್ದೆಗೆ ಕೇಳುವುದು ಬಿ.ಎಸ್ಸಿ.ಯಲ್ಲಿ ಶೇ. 60 ಅಂಕ ಮತ್ತು ಸಂಬಂಧಪಟ್ಟ ಕ್ಷೇತ್ರದಲ್ಲಿ ಒಂದು ವರ್ಷದ ಅನುಭವ. ಅಂದರೆ ಯೋಜನೆಯಲ್ಲಿ ಒಂದು ವರ್ಷ ಕಳೆದ ದಿನದಿಂದಲೇ ನಾನು ಅರ್ಹನಾಗಿದ್ದೆ. ನಡುವೆ ಬಂದ ಎರಡು ಪ್ರಕಟಣೆಗಳಿಗೆ ಅರ್ಜಿ ಹಾಕದಿರಲು ಕಾರಣ ನನ್ನ ಹಮ್ಮು: ಎಂ.ಎಸ್ಸಿ. ಮಾಡಿ, ನೆಟ್ ಬರೆಯುತ್ತಿರುವವನು ಬಿ.ಎಸ್ಸಿ. ಹುದ್ದೆಗೇಕೆ ಹೋಗಬೇಕು ಎಂಬ ಭಾವನೆ. ನಮ್ಮಪ್ಪ ಇದನ್ನು ಕೇಳಿ, “ಕಬ್ಬು ಕಡಿಯೋ ಕಾಲ ದಾಟಿದ ಮೇಲೆ ಇಳುವರಿ ಲೆಕ್ಕ ಯಾಕೆ ಮಗ” ಎಂದಿದ್ದರು. ಮೂರನೆಯ ಪ್ರಕಟಣೆ ಬಂದಾಗ 28 ತುಂಬಲು ಮೂರು ತಿಂಗಳಷ್ಟೇ ಉಳಿದಿತ್ತು. ಕೊನೆಯ ದಿನಾಂಕಕ್ಕೆ ವಯಸ್ಸನ್ನು ಮೂರು ಬಾರಿ ಲೆಕ್ಕ ಹಾಕಿ ಅರ್ಜಿ ಕಳಿಸಿದೆ.

ಆಯ್ಕೆಯಲ್ಲಿ ನನ್ನ ಎಂ.ಎಸ್ಸಿ.ಗಿಂತ ಉಪಯೋಗಕ್ಕೆ ಬಂದದ್ದು ಪ್ರಾಜೆಕ್ಟಿನ ದಿನಗಳಲ್ಲಿ ಲ್ಯಾಬಿನ ಸ್ಟೂಲಿನ ಮೇಲೆ ಕುಳಿತು ಕಲಿತ ಕೈಕೆಲಸ. ಟ್ರೇಡ್ ಟೆಸ್ಟ್ ಎಂಬ ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾದರಿಯನ್ನು ತೂಗಿ, ದ್ರಾವಣ ತಯಾರಿಸಿ, ಫಲಿತಾಂಶವನ್ನು ಸರಿಯಾದ ಏಕಮಾನದಲ್ಲಿ ಬರೆಯಬೇಕಿತ್ತು. ಪಿಪೆಟ್ಟನ್ನು ವರ್ಷಗಳಿಂದ ಮುಟ್ಟದ, ನನಗಿಂತ ಹೆಚ್ಚು ಅಂಕಗಳಿದ್ದ ಅಭ್ಯರ್ಥಿಗಳು ಅಲ್ಲಿ ತಡವರಿಸಿದರು. ಆಗ ಸಂದರ್ಶನವೂ ಇತ್ತು. 2016ರ ಜನವರಿಯಿಂದ ಕೇಂದ್ರ ಸರ್ಕಾರ ಈ ಮಟ್ಟದ ಹುದ್ದೆಗಳಿಗೆ ಸಂದರ್ಶನವನ್ನು ಕೈಬಿಟ್ಟಿದ್ದು, ಈಗ ಟ್ರೇಡ್ ಟೆಸ್ಟಿನಲ್ಲಿ ತೇರ್ಗಡೆಯಾದವರ ಶ್ರೇಯಾಂಕವನ್ನು ಲಿಖಿತ ಪರೀಕ್ಷೆಯೇ ನಿರ್ಧರಿಸುತ್ತದೆ. ಗ್ರಾಮೀಣ ಕಾಲೇಜಿನಿಂದ ಬಂದು ಇಂಗ್ಲಿಷ್ ಮಾತಿಗೆ ಹೆದರುವವರಿಗೆ ಇದು ಅನುಕೂಲವೆಂದೇ ನನ್ನ ಅಭಿಪ್ರಾಯ. 2012ರ ಆರಂಭದಲ್ಲಿ ನೇಮಕಾತಿ ಆದೇಶ ಕೈಗೆ ಬಂತು.

ಖಾಯಂ ಆದ ಮೇಲಿನ ಬಡ್ತಿಯ ಬಗೆ ರಾಜ್ಯ ಸರ್ಕಾರದ ಕಚೇರಿಗಳನ್ನು ಬಲ್ಲವರಿಗೆ ಹೊಸದಾಗಿ ಕಾಣುತ್ತದೆ. ಮೇಲಿನ ಹುದ್ದೆ ಖಾಲಿಯಾಗಲೆಂದು ಯಾರ ನಿವೃತ್ತಿಗೂ ಕಾಯಬೇಕಿಲ್ಲ. ನಿಗದಿತ ಅವಧಿ ತುಂಬಿದವರನ್ನು ಸಮಿತಿಯೊಂದು ‘ಅಸೆಸ್‌ಮೆಂಟ್’ ಮಾಡುತ್ತದೆ, ತೇರ್ಗಡೆಯಾದರೆ ಇರುವ ಜಾಗದಲ್ಲೇ ಪದನಾಮ ಮತ್ತು ವೇತನ ಏರುತ್ತವೆ. ವಾರ್ಷಿಕ ಕಾರ್ಯನಿರ್ವಹಣಾ ವರದಿಯ ಅಂಕಗಳೂ, ಸಮಿತಿಯ ಎದುರು ನೀಡುವ ವಿವರಣೆಯೂ ಲೆಕ್ಕಕ್ಕೆ ಬರುತ್ತವೆ. ಐದು ವರ್ಷದ ಬಳಿಕ, 2017ರಲ್ಲಿ, ನನ್ನ ಸರದಿ ಬಂದಾಗ ನಾನು ತೇರ್ಗಡೆಯಾಗಲಿಲ್ಲ. ಅದಕ್ಕೆ ಯಾರನ್ನೂ ದೂರಲಾರೆ. ಐದು ವರ್ಷದಲ್ಲಿ ಎಷ್ಟು ಮಾದರಿಗಳನ್ನು ಪರೀಕ್ಷಿಸಿದೆ ಎಂಬ ಪಟ್ಟಿಯನ್ನಷ್ಟೇ ಕೊಟ್ಟಿದ್ದೆ. ಆ ಕೆಲಸದಲ್ಲಿ ನಾನು ಸ್ವತಃ ಏನು ಬದಲಿಸಿದೆ ಎಂದು ಸಮಿತಿಯ ಸದಸ್ಯರೊಬ್ಬರು ಕೇಳಿದಾಗ, ಬದಲಿಸಿದ್ದು ಇದ್ದರೂ, ದಿನಾಂಕ ಸಮೇತ ತೋರಿಸಲು ಒಂದು ಹಾಳೆಯೂ ನನ್ನ ಬಳಿ ಇರಲಿಲ್ಲ.

ಆ ವರ್ಷ ನಾನು ಒಂದು ಕಡತ ಮಾಡಿಕೊಂಡೆ. ಕೀಟನಾಶಕ ಉಳಿಕೆಯ ಪರೀಕ್ಷೆಯಲ್ಲಿ ದ್ರಾವಕದ ಬಳಕೆಯನ್ನು ಕಡಿಮೆ ಮಾಡಿದ್ದು, ಪರೀಕ್ಷಾ ಪ್ರಯೋಗಾಲಯಗಳ ಗುಣಮಟ್ಟಕ್ಕೆ ಕೊಡುವ ಐ.ಎಸ್.ಒ. 17025 ಮಾನ್ಯತೆಯ ಪರಿಶೋಧನೆಗೆ ಬರೆದ ಕಾರ್ಯವಿಧಾನಗಳು, ಹೊಸಬರಿಗೆ ಕೊಟ್ಟ ತರಬೇತಿ, ದುರಸ್ತಿ ಮಾಡಿದ ಉಪಕರಣ, ಪ್ರಬಂಧಗಳಲ್ಲಿ ನನ್ನ ಪಾಲು, ಇವುಗಳಲ್ಲಿ ಪ್ರತಿಯೊಂದಕ್ಕೂ ಅರ್ಧ ಪುಟ, ದಿನಾಂಕ, ಸಂಬಂಧಪಟ್ಟ ವಿಜ್ಞಾನಿಯ ಸಹಿ. ಮರುವರ್ಷ ಟೆಕ್ನಿಕಲ್ ಆಫೀಸರ್ ಆದೆ, 2023ರಲ್ಲಿ ಸೀನಿಯರ್ ಟೆಕ್ನಿಕಲ್ ಆಫೀಸರ್‌ನ ಮೊದಲ ಮೆಟ್ಟಿಲು ಸಿಕ್ಕಿತು. ತಾಂತ್ರಿಕ ಸಿಬ್ಬಂದಿ ಕೆಲಸ ಮಾಡುವುದರಲ್ಲಿ ಹಿಂದೆ ಬೀಳುವುದಿಲ್ಲ, ಬರೆದಿಡುವುದರಲ್ಲಿ ಬೀಳುತ್ತಾರೆ. ನನ್ನ ಜೊತೆಯವರಲ್ಲಿ ಇದನ್ನು ಪದೇ ಪದೇ ಕಂಡಿದ್ದೇನೆ.

ಬೇರೆ ದಾರಿ ಹಿಡಿದ ಇಬ್ಬರು ಸಹಪಾಠಿಗಳ ಮಾತನ್ನೂ ಹೇಳಬೇಕು. ಒಬ್ಬಳು ಜೆ.ಆರ್.ಎಫ್. ಪಡೆದು, ಪಿಎಚ್.ಡಿ. ಮುಗಿಸಿ, ವಿದೇಶದಲ್ಲಿ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ಸಂಶೋಧನೆ) ಮಾಡಿ, ವಿಜ್ಞಾನಿ ಹುದ್ದೆಯ 32 ವರ್ಷದ ವಯೋಮಿತಿಗೆ ಕೆಲವೇ ತಿಂಗಳು ಇರುವಾಗ ಉತ್ತರ ಭಾರತದ ಪ್ರಯೋಗಾಲಯವೊಂದಕ್ಕೆ ಸೇರಿದಳು. ಈಗ ಅವಳು ಸ್ವಂತ ಯೋಜನೆಗಳನ್ನು ಬರೆಯುತ್ತಾಳೆ, ವಿದ್ಯಾರ್ಥಿಗಳಿಗೆ ಗೈಡ್ ಆಗಿದ್ದಾಳೆ; ಯಾವ ಪ್ರಶ್ನೆಯ ಬೆನ್ನು ಹತ್ತಬೇಕೆಂಬ ಆ ಸ್ವಾತಂತ್ರ್ಯ ನನ್ನ ಗ್ರೂಪಿನಲ್ಲಿ ಇಲ್ಲ, ಅದರ ಕೊರತೆ ಕೆಲವು ದಿನ ಚುಚ್ಚುವುದೂ ಉಂಟು. ಇನ್ನೊಬ್ಬ ಎರಡು ವರ್ಷದ ಪ್ರಾಜೆಕ್ಟ್ ಅನುಭವದೊಂದಿಗೆ ನಂಜನಗೂಡಿನ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗಕ್ಕೆ ಹೋದ. ಮೊದಲ ಆರು ವರ್ಷ ಅವನ ಸಂಬಳ ನನ್ನದಕ್ಕಿಂತ ಬಹಳ ಮೇಲಿತ್ತು, ರಾತ್ರಿ ಪಾಳಿಯೂ ಇತ್ತು.

ಕೆಲಸದಲ್ಲಿದ್ದುಕೊಂಡೇ ಪಿಎಚ್.ಡಿ. ಮಾಡಿ ವಿಜ್ಞಾನಿಯ ಗ್ರೂಪಿಗೆ ದಾಟಬಹುದಲ್ಲ ಎಂದು ಕೇಳುವವರಿದ್ದಾರೆ. ಅನುಮತಿ ಪಡೆದು ನೋಂದಾಯಿಸಿಕೊಳ್ಳಬಹುದು, ಆದರೆ ಪದವಿ ಬಂದ ಮಾತ್ರಕ್ಕೆ ಗ್ರೂಪು ಬದಲಾಗುವುದಿಲ್ಲ. ಹೊರಗಿನವರ ಜೊತೆ ನಿಂತು, ಪ್ರಕಟಣೆಗೆ ಅರ್ಜಿ ಹಾಕಿ, ಹೊಸದಾಗಿಯೇ ಆಯ್ಕೆಯಾಗಬೇಕು. ಮಕ್ಕಳು ಚಿಕ್ಕವರಿದ್ದ ವರ್ಷಗಳಲ್ಲಿ ನಾನು ಆ ಲೆಕ್ಕ ಹಾಕಿ ಕೈಬಿಟ್ಟೆ. ನನ್ನ ಮುಂದಿನ ಅಸೆಸ್‌ಮೆಂಟ್ 2028ರಲ್ಲಿ, ಅದು ಲೆವೆಲ್ 11ಕ್ಕೆ. ಕಡತ ಮೇಜಿನ ಎಡಗಡೆಯ ಡ್ರಾಯರಿನಲ್ಲಿದೆ, ಪ್ರತಿ ತಿಂಗಳ ಕೊನೆಯ ಶುಕ್ರವಾರ ಅದಕ್ಕೆ ಅರ್ಧ ಪುಟ ಸೇರುತ್ತದೆ.