ಸಂಪಾಜೆ ಘಾಟಿಯಲ್ಲೂ ಹಾಡು ನಿಲ್ಲದಂತೆ ಮಾಡಿದ ಬಗೆ

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ತಿರುವು ತಿರುವಿಗೂ ಸಿಗ್ನಲ್ ಹೋಗಿ ಬರುತ್ತದೆ. ಫೋನ್ ಜೇಬಿನಲ್ಲಿ, ಸ್ಕ್ರೀನ್ ಆಫ್. ನಾನು ಬರೆದ ಆಂಡ್ರಾಯ್ಡ್ ಆ್ಯಪ್ ನೆಟ್‌ನಿಂದ ತರುವ ಹಾಡು ಅಲ್ಲಿ ಉಳಿಯಬೇಕಾದರೆ ಸಿಸ್ಟಂ ಆ್ಯಪನ್ನು ಮುಚ್ಚಬಾರದು, ನೆಟ್ ಹೋದಾಗ ಪ್ಲೇಯರ್ ಕೈಚೆಲ್ಲಬಾರದು. ಮೊದಲನೆಯದರ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಎರಡನೆಯದು ಬಿಟ್ಟುಹೋಗುತ್ತದೆ.

ಪ್ಲೇಯರನ್ನು ಆಕ್ಟಿವಿಟಿಯಲ್ಲಿ (ಆ್ಯಪ್‌ನ ಪರದೆಯ ಭಾಗದಲ್ಲಿ) ಇಡಲಿಲ್ಲ. ಮೀಡಿಯಾ3 ಲೈಬ್ರರಿಯ ಮೀಡಿಯಾಸೆಶನ್‌ಸರ್ವಿಸ್ ಎಂಬ ಹಿನ್ನೆಲೆ ಸರ್ವಿಸ್ ಒಳಗೆ ಅದೇ ಲೈಬ್ರರಿಯ ಪ್ಲೇಯರ್ ಆದ ಎಕ್ಸೊಪ್ಲೇಯರನ್ನು ಕೂರಿಸಿದೆ. ಹಾಡು ಶುರುವಾದೊಡನೆ ಆ ಸರ್ವಿಸ್ ತಾನೇ ನೋಟಿಫಿಕೇಶನ್ ತೋರಿಸಿ, ಸಿಸ್ಟಂ ಸುಲಭವಾಗಿ ಮುಚ್ಚದ ಫೋರ್‌ಗ್ರೌಂಡ್ ಸರ್ವಿಸ್ ಆಗುತ್ತದೆ. ಆಂಡ್ರಾಯ್ಡ್ 14ನ್ನು ಗುರಿಯಾಗಿಸಿದ ಆ್ಯಪ್ ಆದರೆ ಆ್ಯಪ್‌ನ ವಿವರ ಬರೆದಿಡುವ ಮ್ಯಾನಿಫೆಸ್ಟ್ ಫೈಲಿನಲ್ಲಿ ಸರ್ವಿಸ್‌ನ ಬಗೆ ಮೀಡಿಯಾ ಪ್ಲೇಬ್ಯಾಕ್ ಎಂದು ಬರೆದು ಅದರ ಪರ್ಮಿಶನ್ನೂ ಸೇರಿಸಬೇಕು, ಮರೆತರೆ ಕ್ರ್ಯಾಶ್ ಖಂಡಿತ. ವೇಕ್ ಮೋಡ್ ನೆಟ್‌ವರ್ಕ್ ಎಂದಿರಲಿ. ಆಗ ಸಿಪಿಯು, ವೈಫೈ ಎರಡೂ ನಿದ್ದೆ ಹೋಗುವುದಿಲ್ಲ. ಯಾವ ಆ್ಯಪ್‌ನ ಸದ್ದು ಕೇಳಬೇಕೆಂಬ ಆಡಿಯೊ ಫೋಕಸ್ ನೋಡಿಕೊಳ್ಳಲು ಪ್ಲೇಯರ್‌ಗೇ ಬಿಟ್ಟರೆ ಕರೆ ಬಂದಾಗ ನಿಂತು, ಮುಗಿದ ಮೇಲೆ ಮುಂದುವರಿಯುತ್ತದೆ. ಇಯರ್‌ಫೋನ್ ಕಿತ್ತುಬಂದರೆ ಇಡೀ ಬಸ್ಸಿಗೆ ಹಾಡು ಕೇಳಿಸದಂತೆ ಬಿಕಮಿಂಗ್ ನಾಯ್ಸಿ ಆಯ್ಕೆಯನ್ನೂ ಆನ್ ಮಾಡಿದೆ.

ಇನ್ನು ಘಾಟಿಯ ಸಮಸ್ಯೆ. ಎಕ್ಸೊಪ್ಲೇಯರ್ ಸುಮ್ಮನೆ ಬಿಟ್ಟರೆ 50 ಸೆಕೆಂಡಿನಷ್ಟು ಹಾಡನ್ನು ಮುಂಚಿತವಾಗಿ ತುಂಬಿಕೊಳ್ಳುತ್ತದೆ. ನೆಟ್ ಹೋದರೆ ಈ ಸಂಗ್ರಹ (ಬಫರ್) ಇರುವಷ್ಟು ಹೊತ್ತು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಬಫರ್ ಬರಿದಾಗುವ ಹೊತ್ತಿಗೆ ಸೋತ ಪ್ರಯತ್ನಗಳು 3 ದಾಟಿದ್ದರೆ ಎರರ್ ಕೊಟ್ಟು ಐಡಲ್ ಆಗುತ್ತದೆ, ಅಂದರೆ ಪ್ರಯತ್ನ ಬಿಟ್ಟು ಸುಮ್ಮನಾಗುತ್ತದೆ. ನಿಜವಾದ ಪೆಟ್ಟು ಬೀಳುವುದು ಇಲ್ಲಿ: ಐಡಲ್ ಆದ ಪ್ಲೇಯರ್‌ಗೆ ಫೋರ್‌ಗ್ರೌಂಡ್ ಸ್ಥಾನ ಹೆಚ್ಚು ಹೊತ್ತು ಉಳಿಯುವುದಿಲ್ಲ, ಆಂಡ್ರಾಯ್ಡ್ 12ರಿಂದೀಚೆಗೆ ಹಿನ್ನೆಲೆಯಲ್ಲಿರುವ ಆ್ಯಪ್ ಅದನ್ನು ತಾನಾಗಿ ಮರಳಿ ಪಡೆಯುವುದು ಬಹುತೇಕ ಅಸಾಧ್ಯ. ಸಿಗ್ನಲ್ ಬಂದರೂ ಹಾಡು ಬರುವುದಿಲ್ಲ.

ಅದಕ್ಕೆ, ಹಾಡು ತರುವುದು ಸೋತಾಗ ಏನು ಮಾಡಬೇಕೆಂದು ಹೇಳುವ ಲೋಡ್ ಎರರ್ ಪಾಲಿಸಿಯನ್ನು ನಾನೇ ಬರೆದು ಮರುಪ್ರಯತ್ನದ ಮಿತಿಯನ್ನು ತೆಗೆದುಹಾಕಿದೆ. ಪ್ಲೇಯರ್ ಬಫರಿಂಗ್ ಸ್ಥಿತಿಯಲ್ಲೇ ಕಾಯುತ್ತದೆ, ಸರ್ವಿಸ್ ಬದುಕಿರುತ್ತದೆ. ಆದರೆ ಸರ್ವರ್ 404 (ಆ ಫೈಲ್ ಇಲ್ಲ) ಎಂದರೆ ಮರುಪ್ರಯತ್ನ ಬೇಡ ಎಂದೂ ಬರೆಯಲೇಬೇಕು, ಇಲ್ಲವಾದರೆ ಇಲ್ಲದ ಹಾಡಿಗಾಗಿ ಬ್ಯಾಟರಿ ಮುಗಿಯುತ್ತದೆ.

ಬಫರನ್ನು 5 ನಿಮಿಷಕ್ಕೆ ಏರಿಸಿದೆ. 128 ಕೆಬಿಪಿಎಸ್‌ನಲ್ಲಿ ಅದು 4.8 ಎಂಬಿ, 320ರಲ್ಲಿ 12 ಎಂಬಿ. ಆಡಿಯೊಗೆ ಲೈಬ್ರರಿ ಇಟ್ಟಿರುವ ಮಿತಿ ಸುಮಾರು 13 ಎಂಬಿ, ಹಾಗಾಗಿ ಇದಕ್ಕಿಂತ ಹೆಚ್ಚು ಬೇಕಿದ್ದರೆ ಆ ಮಿತಿಯನ್ನೂ ಬದಲಿಸಬೇಕು. ಹಾಡು ಮುಗಿದ ಮೇಲೆ ಮುಂದಿನದರ ಲಿಂಕ್ ಕೇಳುವ ಕೋಡ್ ಇದ್ದರೆ ಈ ಶ್ರಮವೆಲ್ಲ ವ್ಯರ್ಥ. ಪ್ಲೇಲಿಸ್ಟ್ ಪೂರ್ತಿ ಮೊದಲೇ ಕೊಟ್ಟರೆ ಮುಂದಿನ ಹಾಡೂ ಬಫರ್‌ಗೆ ಬರುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಗಂಟೆಗಟ್ಟಲೆ ಸತ್ತಾಗ ಇದು ಯಾವುದೂ ಸಾಲದು, ಡೌನ್‌ಲೋಡ್ ಸೌಲಭ್ಯವೇ ಬೇಕು.

ಪರೀಕ್ಷೆಗೆ ಘಾಟಿ ಇಳಿಯಬೇಕಿಲ್ಲ. ಹಾಡು ಹಾಕಿ, ಏರ್‌ಪ್ಲೇನ್ ಮೋಡ್ ಒತ್ತಿ, ಸ್ಕ್ರೀನ್ ಆರಿಸಿ. ಹಾಡು ನಿಂತ ಮೇಲೆ ಇನ್ನೂ 2 ನಿಮಿಷ ಬಿಟ್ಟು ನೆಟ್ ಕೊಡಿ. ಪ್ಲೇ ಒತ್ತದೆಯೇ ಕೆಲವು ಸೆಕೆಂಡಿನಲ್ಲಿ ದನಿ ಬರಬೇಕು.